ಕೂಲರ್ ಇಲ್ಲದೆ ಓಡಿದ ಚೈನ್ ಗಾಡಿ

ಕಳೆದ ತಿಂಗಳು ಕಾಡುಗೋಡಿಯಲ್ಲಿ ಮೆಟ್ರೋ ಇಳಿದು ಮೆಟ್ಟಿಲ ಕಡೆ ನಡೆಯುತ್ತಿದ್ದಾಗ, ಮುಂದೆ ಹೋಗುತ್ತಿದ್ದವನ ಅಂಗಿಯಿಂದ ಒಂದು ವಾಸನೆ ಬಂತು. ಕಾದ ಇಂಜಿನ್ ಆಯಿಲ್, ಅದರ ಜೊತೆಗೆ ಒದ್ದೆ ಗೋಣಿಚೀಲ. ಯಾವುದೋ ಗ್ಯಾರೇಜಿನ ಕೆಲಸದವನಿರಬೇಕು. ನಾನು ಕೆಲಸ ಮಾಡುವುದೂ ಹೂಡಿ ಹತ್ತಿರದ ಒಂದು ಸಣ್ಣ ಫ್ಯಾಕ್ಟರಿಯಲ್ಲೇ. ಕ್ರೇನು, ಲೋಡರುಗಳ ರಬ್ಬರ್ ಹೋಸ್‌ಗಳಿಗೆ ಕಬ್ಬಿಣದ ಮೂತಿ ಕೂರಿಸಿಕೊಡುವ ಜಾಗ ಅದು. ಆಯಿಲ್ ವಾಸನೆ ನನಗೆ ಹೊಸದಲ್ಲ. ಆದರೆ ಗೋಣಿಚೀಲ ಸೇರಿದ ಆ ವಾಸನೆಯನ್ನು ನಾನು ಉಸಿರಾಡಿದ್ದು ಒಂದೇ ಒಂದು ಮಳೆಗಾಲದಲ್ಲಿ. ಹಿಂದಿನವರು ತಳ್ಳಿದ ಮೇಲೆಯೇ ನಾನು ನಡುದಾರಿಯಲ್ಲಿ ನಿಂತುಬಿಟ್ಟಿದ್ದೇನೆಂದು ಗೊತ್ತಾಯಿತು.

ಆಗ ನಾವಿದ್ದದ್ದು ಕಾಡುಗೋಡಿಯ ಆಚೆ, ನನ್ನ ಮಾವ ಪಿಳ್ಳಪ್ಪನವರ ಮನೆಯಲ್ಲಿ. ನಾನು ಮದುವೆಯಾಗಿ ಬಂದಾಗ ಅಂಗಳದಲ್ಲಿ ನಿಂತರೆ ದೂರದ ರೈಲು ಹೋಗುವುದು ಕಾಣುತ್ತಿತ್ತು. ಆಮೇಲೆ ದಾಯಾದಿಗಳು ಒಬ್ಬೊಬ್ಬರಾಗಿ ತಮ್ಮ ಪಾಲಿನ ಜಮೀನು ಮಾರಿದರು. ಪೂರ್ವಕ್ಕೆ ಒಂದು ಅಪಾರ್ಟ್‌ಮೆಂಟು ಎದ್ದಿತು, ಉತ್ತರಕ್ಕೆ ಇನ್ನೊಂದು, ಪಶ್ಚಿಮಕ್ಕೆ ಯಾವುದೋ ಕಂಪನಿಯ ಗೋದಾಮಿನ ಹಿಂಗೋಡೆ. ನಮ್ಮ ಹಂಚಿನ ಮನೆ, ಬಾಡಿಗೆಗೆ ಕೊಟ್ಟಿದ್ದ ಶೀಟಿನ ಕೋಣೆಗಳ ಒಂದು ಸಾಲು, ಒಂದು ಅಂಗಳ, ಇಷ್ಟು ಬಾವಿಯ ತಳದಲ್ಲಿದ್ದಂತೆ ಉಳಿದವು. ಬಿಸಿಲು ಮಧ್ಯಾಹ್ನ ಒಂದಿಷ್ಟು ಹೊತ್ತು ಇಣುಕಿ ಹೋಗುತ್ತಿತ್ತು. ಮಳೆ ಬಂದರೆ ಸುತ್ತಲಿನ ಎತ್ತರದ ನೀರೆಲ್ಲ ನಮ್ಮಲ್ಲಿಗೇ. ಗೋಡೆಗಳು ಸೊಂಟದವರೆಗೆ ಹಸಿರುಗಟ್ಟಿದ್ದವು. ಮಗಳು ಚಂದನಳಿಗೆ ಉಬ್ಬಸ ಶುರುವಾಗಿ, ಡಾಕ್ಟರು ಈ ಮನೆಯಲ್ಲಿ ಇರಿಸಬೇಡಿ ಎಂದಿದ್ದರು. ಅವಳನ್ನು ಕೋಲಾರದಲ್ಲಿ ನನ್ನ ಅಮ್ಮನ ಹತ್ತಿರ ಬಿಟ್ಟಿದ್ದೆ. ಹತ್ತು ವರ್ಷದ ಹುಡುಗಿ ಪ್ರತಿ ಸಂಜೆ ಫೋನಿನಲ್ಲಿ, "ಅಮ್ಮಾ, ಮನೆ ಒಣಗ್ತಾ?" ಎಂದು ಕೇಳುತ್ತಿದ್ದಳು.

ಹೊಸಕೋಟೆಯಲ್ಲಿ ನಾನೊಂದು ಮನೆ ನೋಡಿಟ್ಟಿದ್ದೆ. ಮೊದಲನೇ ಮಹಡಿ, ಎರಡು ಕಡೆ ಕಿಟಕಿ. ಮಾವ ಮಾತ್ರ ಒಪ್ಪಲಿಲ್ಲ. ಅದಕ್ಕೆ ಕಾರಣ ಅಂಗಳದ ನಡುವೆ ನಿಂತಿದ್ದ ಚೈನ್ ಗಾಡಿ.

ಚಕ್ರದ ಬದಲು ಕಬ್ಬಿಣದ ಪಟ್ಟಿಗಳ ಮೇಲೆ ತೆವಳುವ ಹಳೆಯ ಟ್ರಾಕ್ಟರು ಅದು. ಮಾವ ಹರೆಯದಲ್ಲಿ ಸರ್ಕಾರಿ ಹರಾಜಿನಲ್ಲಿ ಹಿಡಿದದ್ದು. ಆಗಲೇ ಅದಕ್ಕೆ ವಯಸ್ಸಾಗಿತ್ತಂತೆ. ವೈಟ್‌ಫೀಲ್ಡ್ ಸುತ್ತಮುತ್ತ ಬಂಡೆ, ಹುತ್ತ, ನೀಲಗಿರಿ ಬುಡಗಳನ್ನೆಲ್ಲ ಕಿತ್ತು ನೆಲ ಮಟ್ಟ ಮಾಡಿದ್ದು ತಾನೇ ಎಂದು ಅವರು ಹೇಳುತ್ತಿದ್ದರು. ಕೆಲಸ ನಿಂತು ಎಷ್ಟೋ ಕಾಲವಾಗಿದ್ದರೂ ಪ್ರತಿ ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟಿ, ಒಂದಿಷ್ಟು ಹೊತ್ತು ಇಂಜಿನ್ ಓಡಿಸಿ ನಿಲ್ಲಿಸುವರು. "ಗಾಡಿ ಇಲ್ಲಿರೋಗಂಟ ನಾನೂ ಇಲ್ಲೇ" ಎನ್ನುವುದು ಅವರ ಮಾತು. ಕ್ಯಾಬ್ ಓಡಿಸುವ ನನ್ನ ಗಂಡ ನಾಗರಾಜ್, "ಅಪ್ಪನ್ನ ಬಿಟ್ಟು ಹೆಂಗೆ ಬರ್ಲಿ ಹೇಳು?" ಎನ್ನುತ್ತಿದ್ದರು. ಹೀಗಾಗಿ ನನ್ನ ಮತ್ತು ಆ ಎರಡು ಕಿಟಕಿಗಳ ನಡುವೆ ಒಂದು ಕಬ್ಬಿಣದ ರಾಶಿ ಅಡ್ಡ ಕೂತಿತ್ತು. ಬಟ್ಟೆ ಒಗೆದು ಹರವುವಾಗ ಅದರ ಹಳದಿ ಬಣ್ಣ ಕಂಡರೆ ಸಾಕು, ನನಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತಿತ್ತು.

ಆ ವರ್ಷ ಶ್ರಾವಣಕ್ಕೆ ಮುಂಚೆ, ದಕ್ಷಿಣದ ಜಾಗ ಕೊಂಡಿದ್ದ ಬಿಲ್ಡರ್ ಕಡೆಯ ಇಂಜಿನಿಯರ್ ಬಂದ. ಮರ್ಯಾದಸ್ಥ ಹುಡುಗ. ಬೂಟು ಕೆಸರಾಗುತ್ತದೆಂದು ಬಾಗಿಲಲ್ಲೇ ನಿಂತು ಮಾತಾಡಿದ.

"ಸಾರ್, ನಮ್ ಕಾಂಪೌಂಡ್ ಬರತ್ತೆ. ನಿಮಗೆ ಓಡಾಡಕ್ಕೆ ದಾರಿ ಬಿಡ್ತೀವಿ, ಬೈಕ್ ಹೋಗೋಷ್ಟು. ಈ ಮಷೀನ್ ಮಾತ್ರ ಗೋಡೆ ಕಟ್ಟೋಕ್ ಮುಂಚೆ ಆಚೆ ತಗೊಂಡ್ಬಿಡಿ. ಆಮೇಲೆ ಅಂದ್ರೆ ಗ್ಯಾಸ್ ಕಟರ್ ಹಾಕಿ ಪೀಸ್ ಪೀಸ್ ಮಾಡ್ಕೊಂಡೇ ತಗೀಬೇಕು."

ಮಾವ ಎದ್ದು ಹೋಗಿ ಗಾಡಿಯ ಸೀಟು ಹತ್ತಿ ಕೂತರು. ಅವತ್ತು ಊಟಕ್ಕೂ ಒಳಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ಕಾಫಿ ಕೊಡಲು ಹೋದಾಗ, ಗಾಡಿಯ ಸೀಟಿನ ಮೇಲೆ ಕೂತವರು ಕೆಳಗೆ ನೋಡದೆಯೇ ಹೇಳಿದರು: "ಮಾಲೂರ್ ತಾವ ನಮ್ ದೋಸ್ತ್ ವೆಂಕಟೇಶಪ್ಪನ ನರ್ಸರಿ ಐತೆ. ಜಾಗ ಕೊಡ್ತೀನಿ ಅಂದವ್ನೆ. ಅಲ್ಲಿಗೆ ತಗೊಂಡೋಗಾನ."

ಗಾಡಿ ಹೋದರೆ ನಾವೂ ಹೋದಂತೆಯೇ ಎಂದು ನಾನು ತಿಳಿದೆ. ಅವತ್ತು ಸಂಜೆ ಚಂದನಳಿಗೆ, "ದಸರಾ ರಜೆ ಮುಗಿಯೋದ್ರೊಳಗೆ ನೀನು ನನ್ನ ಹತ್ರ ಇರ್ತೀಯ" ಎಂದುಬಿಟ್ಟೆ.

ಇಂಜಿನ್ ಚಾಲು ಮಾಡಿದ ದಿನವೇ ಎಡವಟ್ಟು ಕಂಡಿತು. ಹಿಂದಿನ ಅಮಾವಾಸ್ಯೆಗಳಲ್ಲಿ ಒಂದಿಷ್ಟು ಹೊತ್ತು ಓಡಿದಾಗ ಗೊತ್ತಾಗದ್ದು, ಈಗ ಬಿಸಿಯಾಗುವವರೆಗೆ ಓಡಿಸಿದಾಗ ಹೊರಬಿತ್ತು. ರೇಡಿಯೇಟರ್ ಬಾಯಿಂದ ಕಂದು ನೊರೆ ಉಕ್ಕಿತು. ನಮ್ಮ ಶೀಟಿನ ಕೋಣೆಯಲ್ಲಿ ಬಾಡಿಗೆಗಿದ್ದ ಶರಣಪ್ಪ, ಯಾದಗಿರಿ ಕಡೆಯವನು, ಮೆಟ್ರೋ ಕಾಮಗಾರಿಯಲ್ಲಿ ದೊಡ್ಡ ಯಂತ್ರಗಳ ಮೆಕ್ಯಾನಿಕ್ಕು. ಅವನು ಆಯಿಲ್ ನೋಡುವ ಕಡ್ಡಿ ಎಳೆದು ನನ್ನ ಮುಂದೆ ಹಿಡಿದ. ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿತ್ತು.

"ಎಣ್ಣ್ಯಾಗ ನೀರು ಕೂಡ್ಯದ ನೋಡ್ರಿ ಅಕ್ಕಾರ. ಕೂಲರ್ ಹೋಗ್ಯದ."

ಇಂಜಿನ್ನಿನ ಪಕ್ಕೆಗೆ ಅಂಟಿಕೊಂಡಿದ್ದ ಪೆಟ್ಟಿಗೆಯನ್ನು ಬಿಚ್ಚಿ ತೋರಿಸಿದ. ಒಳಗೆ ತಾಮ್ರದ ತೆಳು ಕೊಳವೆಗಳ ಗೊಂಚಲು. ಕೊಳವೆಗಳ ಒಳಗೆ ತಣ್ಣೀರು ಹರಿಯಬೇಕು, ಹೊರಗೆ ಕಾದ ಎಣ್ಣೆ. ನೀರು ಎಣ್ಣೆಯ ಬಿಸಿಯನ್ನು ಹೊತ್ತೊಯ್ಯಬೇಕು. ಕೊಳವೆಗಳು ತಿಂದುಹೋಗಿ ಅಲ್ಲಲ್ಲಿ ಸೂಜಿ ಚುಚ್ಚಿದಂತೆ ತೂತಾಗಿದ್ದವು. ಅಂಥ ಕೂಲರ್ ಈಗ ಎಲ್ಲೂ ಸಿಗುವುದಿಲ್ಲ. ಪೀಣ್ಯದಲ್ಲಿ ಒಬ್ಬರು ಹೊಸ ಕೊಳವೆ ಕೂರಿಸಿಕೊಡುತ್ತೇವೆಂದರು, ಆದರೆ ದೀಪಾವಳಿ ಕಳೆಯಬೇಕು ಎಂದರು. ಅಷ್ಟರಲ್ಲಿ ಗೋಡೆಯ ಪಾಯಕ್ಕೆ ಸುಣ್ಣದ ಗೆರೆ ಹಾಕಿಯಾಗಿತ್ತು.

ನಾನೇ ಹೇಳಿದೆ: "ಕೂಲರ್ ತೆಗೆದುಬಿಡೋಣ. ಎಣ್ಣೆ ಹೋಗೋ ಬಾಯಿಗೂ ವಾಪಸ್ ಬರೋ ಬಾಯಿಗೂ ನೇರ ಒಂದು ಹೋಸ್ ಹಾಕ್ತೀನಿ. ನೀರಿನ ದಾರಿ ಬೇರೆ ಜೋಡಿಸಿದ್ರೆ ಎರಡೂ ಸೇರೋ ಮಾತೇ ಇಲ್ಲ."

ಶರಣಪ್ಪ ತಲೆ ತೂಗಿದ. "ಆಗ್ತದರಿ. ಆದ್ರ ಎಣ್ಣಿ ತಣ್ಣಗಾಗಾಂಗಿಲ್ಲ. ಕಾದ್ರ ತೆಳ್ಳಗಾಗಿ ಪ್ರೆಶರ್ ಬೀಳ್ತದ. ಹಂಗೇ ಓಡ್ಸಿದ್ರ ಇಂಜಿನ್ ಜಾಮ್."

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಏನಮ್ಮಾ, ನನ್ ಗಾಡೀನ ಸಾಯ್ಸಾಕೆ ನೋಡ್ತಿದೀಯಾ? ಒಂದ್ಸಲಾನೂ ಎಣ್ಣೆ ಕಮ್ಮಿ ಮಾಡಿ ಓಡ್ಸಿಲ್ಲ ನಾನು. ಕೂಲರ್ ಕಿತ್ತಾಕ್ತಾಳಂತೆ!"

"ರಸ್ತೆವರ್ಗೂ ಅಷ್ಟೇ ಮಾವ. ಅಲ್ಲಿ ಲಾರಿ ಬಂದು ಹೊತ್ಕೊಂಡು ಹೋಗತ್ತೆ."

"ನಿಂಗೆ ಗಾಡಿ ಎಂಗೆ ಓದ್ರೂ ಪರ್ವಾಗಿಲ್ಲ, ಇಲ್ಲಿಂದ ಓದ್ರೆ ಸಾಕು."

ಅದು ನಿಜವಾಗಿತ್ತು. "ಇಲ್ಲೇ ಇದ್ರೆ ಕಟರ್ ಹಾಕ್ತಾರೆ ಮಾವ" ಎಂದೆ. ಅವರು ಮುಖ ತಿರುಗಿಸಿಕೊಂಡು ಒಳಗೆ ಹೋದರು. ಎರಡು ದಿನ ನನ್ನ ಕೈಯ ಊಟ ಮಾಡಲಿಲ್ಲ. ಶರಣಪ್ಪನ ಕೋಣೆಯಲ್ಲಿ ಜೋಳದ ರೊಟ್ಟಿ ತಿಂದರು. ಮೂರನೆಯ ದಿನ ಅಂಗಳಕ್ಕೆ ನೀರು ನುಗ್ಗಿ ಗಾಡಿಯ ಪಟ್ಟಿಗಳು ಅರ್ಧ ಮುಳುಗಿದವು. ಪಂಪು ಹಚ್ಚಿ, ಕೊಡದಲ್ಲೂ ಎತ್ತಿ ಹಾಕಿ ಸುಸ್ತಾಗಿ ಕೂತಿದ್ದಾಗ ಅವರು ಹತ್ತಿರ ಬಂದರು. "ಮಾಡು. ಆದ್ರೆ ನಾನೇ ಓಡ್ಸಾದು. ನಾನು ನಿಲ್ಸು ಅಂದಾಗ ನಿಲ್ಬೇಕು. ಯಾರ್ ಬಾಯಿ ಬಡ್ಕಂಡ್ರೂ ಸರಿ."

ಫ್ಯಾಕ್ಟರಿಯಲ್ಲಿ ಸಾಹುಕಾರರನ್ನು ಕೇಳಿ ಊಟದ ಬಿಡುವಿನಲ್ಲಿ ಹೋಸ್ ಕತ್ತರಿಸಿದೆ. ಬಿಸಿ ಎಣ್ಣೆ ತಡೆಯುವಂಥದ್ದು, ಒಳಗೆ ತಂತಿ ಹೆಣೆದದ್ದು. ಒಳಗಾತ್ರ ಹಳೆಯ ಬಾಯಿಗಿಂತ ಕಿರಿದಾಗಬಾರದು, ಕಿರಿದಾದರೆ ಅಲ್ಲೇ ಪ್ರೆಶರ್ ತಿನ್ನುತ್ತದೆ. ಮೂತಿ ಕೂರಿಸಿ ಮನೆಗೆ ತಂದರೆ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಹೊಂದಲಿಲ್ಲ. ಆ ಕಾಲದ ಮರೆಗಳೇ ಬೇರೆ. ರಜೆ ಹಾಕಿ, ಗಾಡಿಯಿಂದ ಬಿಚ್ಚಿದ ಹಿತ್ತಾಳೆಯ ತುಂಡೊಂದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಪೀಣ್ಯಕ್ಕೆ ಹೋದೆ. ಮೆಟ್ರೋದಲ್ಲಿ ಊರಿನ ಈ ತುದಿಯಿಂದ ಆ ತುದಿ. ಕಿಟಕಿಯಾಚೆ ಮನೆ ಮೇಲೆ ಮನೆ, ಎಲ್ಲರ ತಾರಸಿಯ ಮೇಲೂ ಬಟ್ಟೆ ಒಣಗುತ್ತಿತ್ತು. ಅದನ್ನು ನೋಡಿಯೇ ಹೊಟ್ಟೆ ಉರಿಯಿತು. ಪೀಣ್ಯದ ಲೇತ್ ಅಂಗಡಿಯಲ್ಲಿ ತುಂಡನ್ನು ಅಳೆದು ಹೊಸ ಜೋಡಣೆ ತಿರುವಿಕೊಟ್ಟರು. ಬಿಸಿ ಆರದ ಅದನ್ನು ಕೈಯಲ್ಲಿ ಹಿಡಿದೇ ವಾಪಸ್ ಬಂದೆ.

ಜೋಡಿಸಿದ್ದು ಒಂದು ಜಡಿಮಳೆಯ ಹಗಲು. ಕೂಲರ್ ಇದ್ದ ಜಾಗಕ್ಕೆ ತಗಡಿನ ಮುಚ್ಚಳ, ಎಣ್ಣೆಗೆ ನನ್ನ ಹೋಸು, ನೀರಿಗೆ ಬೇರೆ ಕೊಳವೆ. ಕೆಟ್ಟ ಎಣ್ಣೆಯನ್ನು ಬಸಿದು ಹೊಸದು ತುಂಬಿ, ಸ್ವಲ್ಪ ಓಡಿಸಿ, ಅದನ್ನೂ ಬಸಿದು ಮತ್ತೆ ತುಂಬಿದೆವು. ಮಾವ ಛತ್ರಿ ಹಿಡಿದು ನಿಂತಿದ್ದರು. ನಾನು ಹೋಸಿನ ಮರೆಯನ್ನು ಕೊನೆಯ ಸುತ್ತು ಬಿಗಿ ಮಾಡುವಾಗ ಛತ್ರಿ ಅವರ ತಲೆಯ ಮೇಲಿಂದ ನನ್ನ ತಲೆಯ ಮೇಲೆ ಬಂದಿತ್ತು. ಇಂಜಿನ್ ಹಿಡಿಯಿತು. ಪ್ರೆಶರ್ ಮುಳ್ಳು ಎದ್ದು ನಿಂತಿತು. ಕಡ್ಡಿಯ ತುದಿಯಲ್ಲಿ ಎಣ್ಣೆ ಜೇನಿನ ಬಣ್ಣದಲ್ಲಿತ್ತು.

ಸಾಗಿಸಲು ಗೊತ್ತು ಮಾಡಿದ್ದು ಭಾನುವಾರ. ತಗ್ಗು ಟ್ರೇಲರ್ ಲಾರಿ ನಮ್ಮ ಬೀದಿಯೊಳಗೆ ತಿರುಗುವುದಿಲ್ಲ, ಮುಖ್ಯರಸ್ತೆಯಲ್ಲೇ ನಿಂತಿತ್ತು. ಅಲ್ಲಿಯವರೆಗೆ ಅಪಾರ್ಟ್‌ಮೆಂಟಿನವರು ಹಾಕಿಸಿದ ಕಾಂಕ್ರೀಟ್ ದಾರಿ. ಅದಕ್ಕೆ ಗೀರು ಬೀಳಬಾರದೆಂದು, ಅವರಿಗೆ ಮಾತು ಕೊಟ್ಟಿದ್ದ ಬಿಲ್ಡರ್ ಕಡೆಯ ಇಂಜಿನಿಯರ್ ಕರಾರು ಹಾಕಿದ್ದ. ಹಾಗಾಗಿ ಲಾರಿಯ ಹಳೆ ಟೈರುಗಳನ್ನು ಹಾಸಿ, ಗಾಡಿ ಅವುಗಳ ಮೇಲೆ ತೆವಳಿದಂತೆಲ್ಲ ಹಿಂದಿನವನ್ನು ಎತ್ತಿ ಮುಂದೆ ಹಾಸುತ್ತಾ ಹೋಗಬೇಕು. ಶರಣಪ್ಪನ ಕೋಣೆಯವರೆಲ್ಲ ಬಂದಿದ್ದರು. ಹೀಗೆ ನಿಂತು ನಿಂತು ಹೋದದ್ದರಿಂದ, ದಾರಿ ಚಿಕ್ಕದಿದ್ದರೂ ಇಂಜಿನ್ ಓಡಿದ ಹೊತ್ತು ನಾವೆಣಿಸಿದ್ದಕ್ಕಿಂತ ಬಹಳ ಹೆಚ್ಚಾಯಿತು. ನಾನು ಹೋಸಿನ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ನಡೆಯುತ್ತಿದ್ದೆ. ರಬ್ಬರಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು.

ಅಪಾರ್ಟ್‌ಮೆಂಟಿನ ಗೇಟಿನ ಸರಿ ಎದುರಿಗೆ ಬಂದಾಗ ಮಾವ ಇಂಜಿನ್ ನಿಲ್ಲಿಸಿಬಿಟ್ಟರು.

"ಮುಳ್ಳು ಬಿದ್ದೋಯ್ತು. ಆರ್ಲಿ."

ಒಂದು ಕಡೆ ಗೇಟು, ಇನ್ನೊಂದು ಕಡೆ ಗೋದಾಮಿನ ಗೋಡೆ, ನಡುವೆ ಗಾಡಿ. ಒಳಗಿಂದ ಬರುವ ಕಾರು ಬರುವಂತಿಲ್ಲ, ಹೊರಗಿಂದ ನೀರಿನ ಟ್ಯಾಂಕರ್ ಹೋಗುವಂತಿಲ್ಲ. ಮೊದಲು ಒಂದು ಹಾರ್ನು, ಆಮೇಲೆ ಹತ್ತಾರು. ಸೆಕ್ಯುರಿಟಿಯವರು ಸೀಟಿ ಊದಿದರು. ಇಂಜಿನಿಯರ್ ಓಡಿ ಬಂದು, "ಮೇಡಂ, ಇನ್ನೊಂಚೂರೇ ಅಲ್ವಾ, ಎಳೆಸ್ಬಿಡಿ ಪ್ಲೀಸ್, ಅಸೋಸಿಯೇಷನ್ನವ್ರು ನನ್ ಜೀವ ತೆಗೀತಾರೆ" ಎಂದು ಗೋಳಾಡಿದ. ಒಬ್ಬ ಹೆಂಗಸು ಕಾರಿನಿಂದಿಳಿದು, ತನಗೆ ಫ್ಲೈಟ್ ತಪ್ಪುತ್ತದೆಂದು ಕೂಗಾಡಿದಳು. ಶರಣಪ್ಪ ಅವಳ ಸೂಟ್‌ಕೇಸನ್ನು ತಲೆ ಮೇಲಿಟ್ಟುಕೊಂಡು, ಗಾಡಿಯ ಪಟ್ಟಿ ಹತ್ತಿ ಇಳಿದು ಆಚೆಗೆ ದಾಟಿಸಿದ. ಅವಳೂ ಚಪ್ಪಲಿ ಕೈಯಲ್ಲಿ ಹಿಡಿದು ಹಾಗೆಯೇ ಹತ್ತಿ ಇಳಿದಳು. ಇಳಿದ ಮೇಲೆ ಯಾಕೋ ನಕ್ಕಳು.

ನಾಗರಾಜ್ ಬಾನೆಟ್ಟಿಗೆ ಕೈ ಊರಿ ಬೇಡಿಕೊಂಡರು. "ಅಪ್ಪಾ, ಅಗೋ ಲಾರಿ ಕಾಣ್ತಾ ಇದೆ. ಇಷ್ಟೇ ಇಷ್ಟು. ಎಳ್ದುಬಿಡಪ್ಪಾ, ಎಲ್ರೂ ಉಗೀತಾ ಇದಾರೆ."

ಮಾವ ಮುಂದೆ ನೋಡುತ್ತಾ ಕೂತಿದ್ದರು.

ನನ್ನ ಮನಸ್ಸಿನಲ್ಲಿ ಏನಿತ್ತು? ಇಂಜಿನ್ ಜಾಮ್ ಆದರೆ ಆಗಲಿ. ಜಾಮ್ ಆದ ಗಾಡಿಯನ್ನೂ ಕ್ರೇನಿನಲ್ಲಿ ಎತ್ತಿ ಟ್ರೇಲರಿಗೆ ಹಾಕಬಹುದು. ಒಮ್ಮೆ ಇದು ನಮ್ಮ ದಾರಿಯಿಂದ ತೊಲಗಿದರೆ ಸಾಕು. ಹೇಳಲು ಬಾಯಿ ತೆರೆದೆ. ಆಗ ಅವರ ಕಾಲು ಕಣ್ಣಿಗೆ ಬಿತ್ತು. ಕ್ಲಚ್ ಮೇಲಿಂದ ತೆಗೆದಿಟ್ಟಿದ್ದ ಕಾಲಿನ ಮಂಡಿ ಪಂಚೆಯೊಳಗೆ ಗಡಗಡ ನಡುಗುತ್ತಿತ್ತು. ಅವರು ಅದನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದರು, ಯಾರಿಗೂ ಕಾಣದಿರಲೆಂದು. ಇಷ್ಟು ಜನ ಬೈಯುವಾಗ ಆ ಎತ್ತರದಲ್ಲಿ ಒಬ್ಬರೇ ಕೂತಿರಲು ಅವರಿಗೂ ಹೆದರಿಕೆಯಾಗುತ್ತಿತ್ತು.

ನಾನು ತಿರುಗಿ ಇಂಜಿನಿಯರ್‌ಗೆ ಹೇಳಿದೆ: "ಆರೋವರ್ಗೂ ಹೊರಡಲ್ಲ ಸಾರ್. ಏನ್ ಮಾಡ್ತೀರೋ ಮಾಡ್ಕೊಳ್ಳಿ."

ಶರಣಪ್ಪನ ಕಡೆಯವರು ಗೋಣಿಚೀಲ ನೆನೆಸಿ ತಂದು ಕೆಳಗಿನ ಎಣ್ಣೆ ತೊಟ್ಟಿಗೆ ಒತ್ತಿ ಹಿಡಿದರು. ಹಬೆ ಎದ್ದಿತು. ಚೀಲ ಬಿಸಿಯಾದಂತೆ ಇನ್ನೊಂದು. ನಾನೂ ಸೆರಗು ಸಿಕ್ಕಿಸಿ ಗಾಡಿಯಡಿ ತೂರಿದೆ. ಮೇಲೆ ಹಾರ್ನು, ಕೆಳಗೆ ಕತ್ತಲು, ಮುಖದ ಮೇಲೆ ತೊಟ್ಟಿಕ್ಕುವ ಬಿಸಿನೀರು. ಅಲ್ಲಿ ಮಲಗಿಕೊಂಡು ಇನ್ನು ಇಲ್ಲಿಂದ ಏಳುವುದೇ ಇಲ್ಲವೇನೋ ಅನ್ನಿಸಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಬೈಯುತ್ತಿದ್ದವರೆಲ್ಲ ಕಾರಿನೊಳಗೆ ಸೇರಿ ಗಾಜು ಏರಿಸಿಕೊಂಡರು. ಮಾವ ಮಾತ್ರ ಮೇಲೆ ನೆನೆಯುತ್ತಾ ಕೂತಿದ್ದರು. ಬಾನೆಟ್ಟಿನ ಮೇಲೆ ಬಿದ್ದ ಹನಿಗಳು ಮೊದಮೊದಲು ಚುರುಗುಟ್ಟಿ ಆವಿಯಾದವು, ಆಮೇಲೆ ಸುಮ್ಮನೆ ಹರಿಯತೊಡಗಿದವು.

"ಈಗ ಆಯ್ತು" ಎಂದರು ಮಾವ. ಇಂಜಿನ್ ಹಿಡಿಯಿತು. ಮುಳ್ಳು ಎದ್ದಿತು.

ಟ್ರೇಲರಿನ ಏರು ಹಲಗೆ ಹತ್ತುವುದೇ ಕೊನೆಯ ಕಷ್ಟ. ಗಾಡಿ ಮೂತಿ ಎತ್ತಿ ಗುಡುಗಿತು. ಮುಳ್ಳು ಮತ್ತೆ ಜಾರತೊಡಗಿದ್ದು ನನಗೆ ಕೆಳಗಿನಿಂದಲೇ ಕಂಡಿತು. ಮಾವ ಈ ಸಲ ನಿಲ್ಲಿಸಲಿಲ್ಲ. ಹಲಗೆಯ ನಡುವೆ ನಿಲ್ಲಿಸಿದರೆ ಹಿಂದಕ್ಕೆ ಜಾರುತ್ತದೆಂದು ಅವರಿಗೆ ಗೊತ್ತು. ಗಾಡಿ ಧೊಪ್ಪನೆ ಸಮತಟ್ಟಿಗೆ ಇಳಿದ ಕ್ಷಣವೇ ಇಂಜಿನ್ ಆರಿಸಿದರು. ಹೋಸು ಒಂದು ಹನಿಯನ್ನೂ ಬಿಟ್ಟಿರಲಿಲ್ಲ.

ನಾಗರಾಜ್ ಅವರನ್ನು ಇಳಿಸಿಕೊಳ್ಳಲು ಕೈ ಚಾಚಿದರು. ಮಾವ ಇಳಿದು, ಗಾಡಿಯ ಹಿಂದಿನ ಸಾಮಾನಿನ ಪೆಟ್ಟಿಗೆ ತೆಗೆದು, ಸ್ಪ್ಯಾನರುಗಳ ಮೇಲಿಂದ ಒಂದು ಬಟ್ಟೆಯ ಗಂಟು ಎತ್ತಿಕೊಂಡರು. ಎರಡು ಪಂಚೆ, ಟವೆಲ್ಲು, ಮಾತ್ರೆಗಳು.

"ನಾನೂ ಓಯ್ತೀನಿ. ವೆಂಕಟೇಶಪ್ಪನ ಮನೇಲೇ ಇರ್ತೀನಿ."

"ಅಪ್ಪಾ! ಇದ್ಯಾವಾಗ?"

"ಆ ಮನೇಲಿ ಉಸ್ರಾಡಾಕೆ ಆಗ್ತಾ ಇರ್ಲಿಲ್ಲ ಕಣೋ. ಇದನ್ನ ಬುಟ್ಟು ಎಂಗೆ ಓಗ್ಲಿ ಅಂತ ಇದ್ದೆ, ಅಷ್ಟೇಯ."

ಲಾರಿಯ ಕ್ಯಾಬಿನ್ ಹತ್ತುವ ಮುಂಚೆ ನನ್ನ ಕಡೆ ತಿರುಗಿ, "ಕೂಲರ್ ಕೂರಿಸೋಗಂಟ ಇದನ್ನ ಓಡ್ಸಲ್ಲ. ನಿನ್ ಓಸು ಚೆನ್ನಾಗೈತೆ" ಎಂದರು. ಎರಡು ದಿನ ನನ್ನ ಊಟ ಬಿಟ್ಟಿದ್ದ ಮನುಷ್ಯ ಅವರು. ನಾನು ರಸ್ತೆಯಲ್ಲೇ ಅತ್ತೆ.

ಅವರು ಮಾಲೂರಿನಲ್ಲಿ ಈಗಲೂ ಗಟ್ಟಿಯಾಗಿದ್ದಾರೆ. ದೀಪಾವಳಿ ಕಳೆದ ಮೇಲೆ ಪೀಣ್ಯದಿಂದ ಕೂಲರ್ ಬಂತು, ಶರಣಪ್ಪ ಹೋಗಿ ಕೂರಿಸಿದ. ನರ್ಸರಿಯ ಹಿಂದಿನ ಕಲ್ಲುನೆಲವನ್ನು ಮಾವ ಆ ಗಾಡಿಯಲ್ಲೇ ಮಟ್ಟ ಮಾಡಿಕೊಟ್ಟರಂತೆ.

ಆ ಅಂಗಳದಿಂದ ಬಿಡುಗಡೆಯಾಗದವರು ಬೇರೆಯವರು. ಗಾಡಿ ಹೋದ ಮರುದಿನವೇ ಹೊಸಕೋಟೆಯ ಮನೆಯ ಮಾತೆತ್ತಿದೆ. ನಾಗರಾಜ್ "ನೋಡೋಣ" ಎಂದರು. ಮುಂದಿನ ವಾರ ಕ್ಯಾಬ್ ನಿಲ್ಲಿಸಲು ಅಲ್ಲಿ ಜಾಗ ಇಲ್ಲ ಎಂದರು. ಅದರ ಮುಂದಿನ ವಾರ ಬಾಡಿಗೆ ಕೋಣೆಗಳನ್ನು ನೋಡಿಕೊಳ್ಳುವವರು ಯಾರು ಎಂದರು. ಅಪ್ಪ ಎನ್ನುವ ನೆಪ ಮಾಲೂರಿಗೆ ಹೋಗಿಬಿಟ್ಟಿತ್ತಲ್ಲ, ಅವರಿಗೆ ದಿನಕ್ಕೊಂದು ಹೊಸ ನೆಪ ಬೇಕಾಗುತ್ತಿತ್ತು. ಅಷ್ಟರಲ್ಲಿ ದಕ್ಷಿಣದ ಗೋಡೆ ಎದ್ದು, ನಮಗೆ ಒಂದು ಸಂದಿ ಉಳಿಯಿತು. ಒಂದು ಮಧ್ಯಾಹ್ನ ಗಾಡಿ ನಿಂತಿದ್ದ ಜಾಗದಲ್ಲಿ ಅವರು ಸುಮ್ಮನೆ ನಿಂತಿದ್ದರು. ಅಲ್ಲಿ ಹುಲ್ಲಿಲ್ಲದೆ ನೆಲ ಕಪ್ಪಗಿತ್ತು.

"ನಾನು ಹುಟ್ಟಿದ್ದು ಇಲ್ಲಿ ಕಣೇ" ಎಂದರು. "ಸುತ್ತ ಎಲ್ಲಾ ಹೋಯ್ತು. ಇಷ್ಟೂ ಬಿಟ್ಟು ಬಾಡಿಗೆ ಮನೇಲಿ ಕೂತ್ರೆ ನಾನ್ಯಾರು? ಏರ್‌ಪೋರ್ಟ್ ಟ್ರಿಪ್ಪಿನ ಡ್ರೈವರ್ರು, ಅಷ್ಟೇ ತಾನೆ?"

ಕಣ್ಣು ತುಂಬಿಕೊಂಡಿದ್ದರು. ಇಷ್ಟು ವರ್ಷ ನಾನು ಸಿಟ್ಟು ಮಾಡಿದ್ದು ತಪ್ಪು ಜಾಗದಲ್ಲಿ ಎಂದು ಅವತ್ತು ತಿಳಿಯಿತು. ಸಿಟ್ಟನ್ನು ಅವರ ಮೇಲೆ ತಿರುಗಿಸೋಣವೆಂದರೆ ಅದೂ ಆಗಲಿಲ್ಲ.

"ನಾನು ಮಗೂನ ಕರ್ಕೊಂಡು ಹೋಗ್ತೀನಿ ರೀ" ಎಂದೆ. "ನೀವು ಬರೋ ಹೊತ್ತಿಗೆ ಬನ್ನಿ."

ಅವರು ಬೇಡ ಎನ್ನಲಿಲ್ಲ. ಈಗ ಅವರು ಶನಿವಾರ ಹೊಸಕೋಟೆಗೆ ಬಂದು ಸೋಮವಾರ ಬೆಳಿಗ್ಗೆ ಹಿಂದಿರುಗುತ್ತಾರೆ. ಚಂದನಳಿಗೆ ಉಬ್ಬಸ ಕಮ್ಮಿಯಾಗಿದೆ.

ಸಾಮಾನು ಸಾಗಿಸಿದ ದಿನ ಬಟ್ಟೆ, ಪಾತ್ರೆಗಳೆಲ್ಲ ಸಂದಿಯಲ್ಲೇ ಬಂದವು. ಮಂಚ, ಬೀರು ಆ ತಿರುವಿನಲ್ಲಿ ಹೊರಳಲಿಲ್ಲ. ಅವನ್ನು ಹೊಸ ಗೋಡೆಯ ಮೇಲಿಂದಲೇ ಎತ್ತಿ ದಾಟಿಸಬೇಕಾಯಿತು. ಒಳಗೆ ನಾಗರಾಜ್ ಮತ್ತು ಇಬ್ಬರು ಬಾಡಿಗೆಯವರು, ಹೊರಗೆ ಶರಣಪ್ಪ, ಗೂಡ್ಸ್ ಆಟೋದವನು, ನಾನು. ಮಂಚದ ಕೊನೆಯ ಹಲಗೆ ಬಂದಾಯಿತು. ನಾನು ಉಳಿದ ಸಿಮೆಂಟ್ ಇಟ್ಟಿಗೆಗಳ ರಾಶಿ ಹತ್ತಿ ನಿಂತೆ. ಆದರೂ ಒಳಗಡೆ ಕಾಣುತ್ತಿರಲಿಲ್ಲ.

"ಇನ್ನೇನಾದ್ರೂ ಉಳೀತಾ?" ಎಂದು ಗೋಡೆಯ ಆಚೆಯಿಂದ ನಾಗರಾಜ್ ಕೇಳಿದರು.

"ನೀವು ಉಳಿದ್ರಿ" ಎಂದೆ.

ಆಮೇಲೆ ಗೋಡೆಯ ಮೇಲೆ ಅವರ ಎರಡು ಕೈ ಕಂಡವು. ಇನ್ನೇನೋ ಕೊಡುತ್ತಿದ್ದಾರೆಂದು ನಾನು ಕೈ ಚಾಚಿದೆ. ಕೈಯಲ್ಲಿ ಏನೂ ಇರಲಿಲ್ಲ. ಹಿಡಿದುಕೊಂಡೆ. ಹೊಸ ಸಿಮೆಂಟಿನ ಒರಟು ನಮ್ಮಿಬ್ಬರ ಮಣಿಕಟ್ಟನ್ನೂ ಕೆರೆಯುತ್ತಿತ್ತು. ಶರಣಪ್ಪ ಹಗ್ಗ ಬಿಗಿಯುವ ನೆಪದಲ್ಲಿ ಆಟೋದ ಆಚೆ ಬದಿಗೆ ಹೋದ. ನಮ್ಮಿಬ್ಬರಲ್ಲಿ ಯಾರು ಮೊದಲು ಬಿಟ್ಟರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.